ಕಚ್ಚುವ ಜಾಗ

ಮೌಲಾಲಿಯ ಎಡ ಮೊಣಕಾಲಿಗೆ ಆಪರೇಷನ್ ಆಗಿ
ಇನ್ನೂ ಮೂರು ವಾರ ತುಂಬಿಲ್ಲ. ಅದಕ್ಕ ನನ್ನ ಕರೆದ:
"ಹುಲಿಗೆಕ್ಕಾ, ಒಂದೀಟು ಬಾ, ಪೆಡಲ್ ತುಳಿಬೇಕು.
ಈ ಕೌಲ್ ಬಜಾರದಾಗ ನಿನ್ನಂಥ ಕಾಲು ಯಾರಿಗೈತಿ?"

ನಾ ಹತ್ತೊಂಬತ್ತು ವರ್ಷ ಜೀನ್ಸ್ ಹೊಲಿದಾಕಿ.
ಸೊಂಟಪಟ್ಟಿ, ಜೇಬು, ಒಳತೊಡೆಯ ಜೋಡುಹೊಲಿಗೆ.
ಉಗುರಸಂದಿಯ ನೀಲಿ ಯಾವ ಸಬ್ಬಿಗೂ ಹೋಗಿಲ್ಲ.
ಕಾರಿನಾಗ ಮಾತ್ರ, ಆಸ್ಪತ್ರೆಗೆ ಬಿಟ್ಟರ, ಕುಂತಾಕಿ ಅಲ್ಲ.

ಶೆಡ್ಡಿನಾಗ ಜಾಕಿನ ಮ್ಯಾಲ ನಿಂತಿತ್ತು ಅದು.
ಇಬ್ಬರೇ ಕುಂದ್ರೋ ಕಾರು, ನೆಲಕ್ಕ ಹೊಟ್ಟಿ ಹಚ್ಚಿ ಮಲಗಿದಂಗ.
ಅದಿರಿನ ದುಡ್ಡು ನೀರಾಗಿ ಹರಿಯೋ ಕಾಲಕ್ಕ
ಯಾರೋ ತರಿಸಿ, ಯಾರೋ ತಾಡಪತ್ರಿ ಹೊಚ್ಚಿ ಬಚ್ಚಿಟ್ಟು,
ಈಗ ಟೈರಂಗಡಿ ಯರ್ರಿಸ್ವಾಮಿಯ ಪಾಲಿಗೆ ಬಂದೈತಿ.
ಒಂಬೈನೂರು ಕೆಜಿನೂ ಇಲ್ಲಂತ.
ಎರಡು ಎಮ್ಮಿ ತಕ್ಕಡಿಗಿಟ್ಟರ ಮುಗೀತು.

ಹೋದ ವರ್ಷ ಅದಕ್ಕ ಟರ್ಬೊ ಹಾಕಿಸಿದ.
ಅವತ್ತಿಂದ ಹಳೇ ಕ್ಲಚ್ಚಿಗೆ ತಡಕೊಳ್ಳಾಕ ಆಗವಲ್ದು.
ಎಂಜಿನ್ನು ಒದರತೈತಿ, ಮುಳ್ಳು ಏರತೈತಿ,
ಗಾಡಿ ಇದ್ದಲ್ಲೇ.
"ಜಾರತೈತಿ" ಅಂದ ಮೌಲಾಲಿ,
ಶಾಲಿ ತಪ್ಪಿಸೋ ತನ್ನ ಮಗನ ಮಾತಾಡಿದಂಗ.

ಗೇರ್‌ಬಾಕ್ಸ್ ಇಳಿಸಿದರ ಒಳಗ
ಕರೇ ಪುಡಿ, ಕೆಂಪು ಪುಡಿ.
ಕರೇದು ಸವೆದ ಪ್ಲೇಟಿಂದು.
ಕೆಂಪು ಯಾವುದಂತ ಬಳ್ಳಾರಿಯಾಗ ಯಾರೂ ಕೇಳಂಗಿಲ್ಲ.

ಕೊಯಮತ್ತೂರಿನ ಪಾರ್ಸಲ್ಲು ಬಿಚ್ಚಿದ:
ಅರಿದು ಹಗುರ ಮಾಡಿದ ಫ್ಲೈವೀಲು,
ಹಟಮಾರಿ ಸ್ಪ್ರಿಂಗಿನ ಕವರು,
ಆರು ತಾಮ್ರದ ಬಿಲ್ಲಿ ಕೂರಿಸಿದ ಪ್ಲೇಟು,
ಥೇಟ್ ನಮ್ಮ ಜೀನ್ಸಿನ ಗುಂಡಿ, ರಾಕ್ಷಸನ ಅಳತಿಗೆ.
ನಡುವಿನ ತೂತಿಗೆ ಕಟ್ಟಿಗಿ ಗೂಟ ತೂರಿಸಿ
ಎದುರಾಬದುರಾ ಬೋಲ್ಟು, ಒಂದಕ್ಕ ಅರ್ಧ ಸುತ್ತು,
ಇನ್ನೊಂದಕ್ಕ ಅರ್ಧ.
ಪಟ್ಟಿಗೆ ಪಿನ್ನು ನಾನೂ ಹಿಂಗೇ ಹಾಕೋದು,
ಒಂದೇ ಕಡೆ ಎಳೆದರ ಸೊಂಟ ಸೊಟ್ಟ ಆಗತೈತಿ.

"ಈಗ ಕುಂದ್ರು. ಎಡಗಾಲು."

ಅಬ್ಬಾ, ಪೆಡಲ್ಲೇನು, ಗ್ವಾಡಿ.
ನನ್ನ ಬಲಗಾಲು ಬಲ್ಲ ವಿದ್ಯೆ ಎಡಕ್ಕ ಬಂದೇ ಇಲ್ಲ.
ಮ್ಯಾಲಾಗಿ ಎಲ್ಲಾ ಉಲ್ಟಾ.
ಮಶೀನಿನಾಗ ತುಳಿದರ ಹಿಡೀತಿತ್ತು.
ಕೆಳಗ ಮೋಟಾರು ದಿನವಿಡೀ ಗುಂಯ್ ಅಂತ ತಿರುಗತಿತ್ತು,
ನಾ ಹೂಂ ಅಂದಾಗಷ್ಟ ಸೂಜಿ ಏಳತಿತ್ತು.
ಇಲ್ಲಿ ಬಿಟ್ಟರ ಹಿಡೀತೈತಿ.

ಬಿಟ್ಟೆ. ಗಕ್ಕನ ನಿಂತಿತು.
ಮತ್ತ ಬಿಟ್ಟೆ. ಗಕ್ಕನ ಹಾರಿ, ಮೌಲಾಲಿಯ ಚಾದ ಲೋಟ ಉರುಳಿಸಿ,
ಸತ್ತಿತು.
"ಹಗುರ ಚಕ್ರ ಅಕ್ಕಾ, ಕಾಯಂಗಿಲ್ಲ, ನೀನೇ ಕಾಯಬೇಕು."

ಕಾಯೋದು ನನಗ ಹೇಳಿಕೊಡ್ತಾನ!
ಹೋದ ದಸರಾಕ್ಕ ಫ್ಯಾಕ್ಟರಿಯಾಗ ಸರ್ವೋ ಮೋಟಾರು ಬಂದವು.
ಕರೆಂಟು ಉಳೀತೈತಂತ, ಗುಂಯ್ ಅನ್ನಂಗಿಲ್ಲ,
ಹೊಸ ಹುಡುಗಿನೂ ಮೊದಲ ದಿನಾನೇ ನೆಟ್ಟಗ ಹೊಲೀತಾಳ.
ಅರ್ಧ ಟಾಕಾ, ಕಾಲು ಟಾಕಾ, ಬೆರಳಿನಷ್ಟು ತುಳಿದು ನಿಲ್ಲಿಸೋ
ನನ್ನ ಹತ್ತೊಂಬತ್ತು ವರ್ಷ ಒಂದು ಡಬ್ಬಿಯಾಗ ಹಾಕಿ ಗೋಡಿಗೆ ತಳ್ಳ್ಯಾರ.

ಚಪ್ಪಲಿ ಬಿಟ್ಟೆ.
ಬರಿಗಾಲಿಲೆ ತುಳಿದೆ, ಬೆರಳು ಅಗಲ ಮಾಡಿ.
ಸಾವಕಾಶ ಎತ್ತಿದೆ, ಇನ್ನೂ ಸಾವಕಾಶ.
ಎಲ್ಲೋ ಒಂದು ಕಡೆ, ದಾರದ ದಪ್ಪದಷ್ಟು ಜಾಗದಾಗ,
ಗಾಡಿಯ ಮೈ ಸಣ್ಣಗ ನಡುಗಿತು,
ಹಿಮ್ಮಡಿಗೆ ಬಂದು ಮುಟ್ಟಿತು.
ಅಲ್ಲೇ ಕಾದೆ.
ಕೆಂಪು ಕಾರು ಓಣಿಯಾಗ ಒಂದು ಗೇಣು ಮುಂದಕ್ಕ ಬಂತು.
ಕೋಳಿ ಎದ್ದು ಜಾಗ ಬಿಟ್ಟಿತು.

ಯರ್ರಿಸ್ವಾಮಿ ಬಂದಾಗ ಮೌಲಾಲಿ ಹೇಳಿದ್ದಿಷ್ಟು:
ಐನೂರು ಕಿಲೋಮೀಟರು ಊರಾಗೇ ಮೆತ್ತಗ ಓಡಸ್ರಿ,
ಹೊಸ ಪ್ಲೇಟು ಚಕ್ರದ ಕೂಡ ಹೊಂದಿಕೋಬೇಕು,
ಹೊಸಪೇಟಿ ರೋಡಿನ ಆಸೆ ಅಲ್ಲೀತನಕ ಮರೀರಿ.
ಬಿಲ್ಲಿನಾಗ ಕಡೀಕ ಒಂದು ಸಾಲು, ಉರ್ದು ತಿರುವಿನ ಕನ್ನಡದಾಗ:
ಕಾಲು ಚಾರ್ಜು, ಇನ್ನೂರು.
ಆತ ಚೌಕಾಸಿ ಮಾಡಿದ, ಆ ಸಾಲಿಗೊಂದೇ.
ಮೌಲಾಲಿ ಬಿಡಲಿಲ್ಲ.